ಸೂಜಿ ಚುಚ್ಚಿದ ಜಾಗ

ಮೊದಲು ಎರಡೂ ಮೊಣಕೈ ಮೇಲೆ ಕೆಂಪಗೆ ಎದ್ದಿತು. ಅದರ ಮೇಲೆ ಬಿಳಿ ಹೊಟ್ಟು. ಕೆರೆದರೆ ಹೊಟ್ಟು ಉದುರಿ, ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗುತ್ತಿತ್ತು. ನಮ್ಮ ಗುಡೇಕೋಟೆಯಲ್ಲಿ ಅದನ್ನು ಹುಳಕಡ್ಡಿ ಎಂದರು. ಬೇವಿನ ಸೊಪ್ಪು ಅರೆದು ಹಚ್ಚಿದೆ. ಚಳಿ ಬಿದ್ದ ಮೇಲೆ ಮೊಣಕಾಲು, ತಲೆ, ಅಂಗೈಗೂ ಬಂತು. ಅಂಗೈ ಸೀಳಿತು. ರೊಟ್ಟಿ ಬಡಿಯುವಾಗ ಬಿಸಿ ಹಿಟ್ಟು ಸೀಳಿನೊಳಗೆ ಸೇರಿ ಉರಿಯುತ್ತಿತ್ತು. ಮನೆಗೆ ಬಂದ ನೆಂಟರು ನನ್ನ ರೊಟ್ಟಿ ಮುಟ್ಟದೆ ಅನ್ನ ಉಂಡು ಎದ್ದರು. ಅತ್ತೆ ಮಾತ್ರ, "ನನಗ ಹಾಕವ್ವ" ಎಂದು ತಟ್ಟೆ ಮುಂದೆ ಮಾಡಿದರು.

ಬಳ್ಳಾರಿಯ ಚರ್ಮದ ಡಾಕ್ಟರು ನೋಡಿದ ಕೂಡಲೇ ಸೋರಿಯಾಸಿಸ್ ಎಂದರು. ಅಂಟುರೋಗವಲ್ಲ. ಮೈ ಕಾಯಬೇಕಾದ ಶಕ್ತಿಯೇ ಚರ್ಮದ ಮೇಲೆ ತಿರುಗಿಬೀಳುತ್ತದೆಯಂತೆ. ತಿಂಗಳು ಹಿಡಿಯುವ ಚರ್ಮದ ಬೆಳವಣಿಗೆ ವಾರದೊಳಗೇ ಮುಗಿದು ಹೊಟ್ಟಾಗುತ್ತದೆ. ಸ್ಟಿರಾಯ್ಡ್ ಮುಲಾಮು ಬರೆದುಕೊಟ್ಟರು. ಹತೋಟಿಗೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು.

ಬುಡಸಮೇತ ತೆಗೆಯುತ್ತೇನೆ ಎಂದವರು ಅಕ್ಯುಪಂಕ್ಚರ್ ಮಾಡುವವರೊಬ್ಬರು. ಮುಲಾಮು ಬಿಟ್ಟುಬಿಡಿ ಎಂದರು, ಬಿಟ್ಟೆ. ಕತ್ತಲಾದರೆ ನಮ್ಮ ಕಡೆ ಗುಡ್ಡದಿಂದ ಕರಡಿ ಇಳಿಯುತ್ತವೆ. ಅದಕ್ಕೆ ಅವರ ಹತ್ತಿರ ಬೆಳಗಿನ ಬಸ್ಸಿಗೇ ಹೋಗುತ್ತಿದ್ದೆ. ಸಪೂರ ಉಕ್ಕಿನ ಸೂಜಿಗಳು. ಮೊಣಕೈ ಮಡಿಕೆಯ ಹೊರಬದಿ, ಮಂಡಿಯ ಮೇಲೆ, ಪಾದದ ಹತ್ತಿರ ಚುಚ್ಚಿ ಅರ್ಧ ಗಂಟೆ ಮಲಗಿಸುತ್ತಿದ್ದರು. ನೋವು ಅಷ್ಟಿಲ್ಲ. ಸೂಜಿ ತಿರುವಿದಾಗ ಒಳಗೆ ಭಾರವಾಗಿ ಜಗ್ಗುತ್ತಿತ್ತು. ಆ ರಾತ್ರಿಗಳಲ್ಲಿ ತುರಿಕೆ ತಗ್ಗಿ ನಿದ್ದೆ ಬರುತ್ತಿತ್ತು. ತಿಂಗಳುಗಟ್ಟಲೆ ನಿದ್ದೆಗೆಟ್ಟವಳಿಗೆ ಅದು ಸಣ್ಣದಲ್ಲ.

ಕೆಲವು ವಾರಗಳಲ್ಲಿ ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ಕೆಂಪು ಗುಳ್ಳೆ ಎದ್ದು, ಅಗಲವಾಗಿ, ಹೊಟ್ಟುಕಟ್ಟಿತು. ಬೆನ್ನಿಗೂ ಹರಡಿತು. ಮೈಯಲ್ಲಿನ ಕೆಟ್ಟದ್ದು ಹೊರಗೆ ಬರುತ್ತಿದೆ ಎಂದರು ಅವರು. ರಾತ್ರಿ ಹೊದ್ದರೂ ಚಳಿ ಬಿಡುತ್ತಿರಲಿಲ್ಲ. ನನಗೇನಾದರೂ ಆದರೆ ಮಗಳ ಗತಿ ಏನು ಎಂದು ಹೆದರಿದೆ.

ಮತ್ತೆ ಬಳ್ಳಾರಿಗೆ ಹೋದೆ. ಡಾಕ್ಟರು ಬೈಯಲಿಲ್ಲ. ಈ ರೋಗ ಇದ್ದವರಿಗೆ ಗೀರು, ಗಾಯ, ಸೂಜಿ ತಾಗಿದಲ್ಲೂ ಅದೇ ಏಳಬಹುದು ಎಂದರು. ಕೋಬ್ನರ್ ಎಂಬ ಜರ್ಮನ್ ವೈದ್ಯರು 1870ರ ದಶಕದಲ್ಲೇ ಇದನ್ನು ಗುರುತಿಸಿದ್ದಾರಂತೆ. ಮುಲಾಮು ಒಮ್ಮೆಲೇ ನಿಲ್ಲಿಸಿದ್ದರಿಂದಲೂ ರೋಗ ಕೆರಳಿತ್ತು.

ಈಗ ವಾರಕ್ಕೆ ಒಂದೇ ದಿನ ಮೆಥೊಟ್ರೆಕ್ಸೇಟ್ ಗುಳಿಗೆ. ಆಗಾಗ ರಕ್ತ ಕೊಟ್ಟು ಲಿವರ್ ಪರೀಕ್ಷೆ ಮಾಡಿಸಬೇಕು. ಬೆನ್ನು, ಅಂಗೈ ತಿಳಿಯಾಗಿವೆ. ಮೊಣಕೈ ಹಾಗೇ ಇದೆ. ಈ ಗುಳಿಗೆ ನುಂಗುವಾಗ ಬಸಿರಾಗಬಾರದು. ಎರಡನೆಯ ಮಗುವಿನ ಮಾತನ್ನು ನಾನೂ ನಮ್ಮ ಮನೆಯವರೂ ಸದ್ಯಕ್ಕೆ ಎತ್ತುತ್ತಿಲ್ಲ.