ಛಾವಣಿಯ ಕೆಳಗಿನ ವಿಮಾನ

ಕೊಯಮತ್ತೂರಿನಲ್ಲಿ ನೆಲೆಸಿದ ನಮ್ಮಂಥ ಕನ್ನಡದ ಮನೆಯವರಿಗೆ ವಿಮಾನವೇನೂ ಹೊಸದಲ್ಲ. ಪೀಳಮೇಡಿನಲ್ಲಿ ನಿಲ್ದಾಣವಿದೆ, ಸೂಲೂರಿನಲ್ಲಿ ವಾಯುಪಡೆಯ ನೆಲೆಯಿದೆ. ಆದರೆ ನಾವು ಕಾಣುವುದು ಅದರ ಹೊಟ್ಟೆಯನ್ನು ಮಾತ್ರ. ಉಳಿದುದಕ್ಕೆಲ್ಲ ಬೇಲಿ ಅಡ್ಡ. ಸಾಮಾನ್ಯ ಮನುಷ್ಯನೂ ಚಿಕ್ಕ ವಿಮಾನವೊಂದನ್ನು ತಾನೇ ನಡೆಸಬಹುದೆಂಬ ಯೋಚನೆ ನಮ್ಮ ಬೀದಿಯಲ್ಲಿ ಯಾರಿಗೂ ಬಂದಿರಲಿಲ್ಲ.

ಆ ಯೋಚನೆ ನಮಗೆ ಬಂದದ್ದು ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ. 1903ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ರೆಕ್ಕೆಯ ಉದ್ದ 12 ಮೀಟರಿಗೂ ಹೆಚ್ಚು. “ಸೀಟು ಎಲ್ಲಿ?” ಎಂದಳು ತಂಗಿ. ಸೀಟೇ ಇಲ್ಲ, ನಡೆಸುವವನು ಬೋರಲು ಮಲಗಬೇಕಿತ್ತು! ಮೊದಲ ಹಾರಾಟ ಬರೀ 12 ಸೆಕೆಂಡು. ಮೂಲ ವಿಮಾನದ ರೆಕ್ಕೆಗೆ ಹೊದಿಸಿದ್ದು ಹತ್ತಿಯ ಮಸ್ಲಿನ್ ಬಟ್ಟೆಯೆಂದು ತಿಳಿದಾಗ, ಮಗ್ಗದಲ್ಲೇ ಆಯುಸ್ಸು ಕಳೆದ ನಮ್ಮ ದೊಡ್ಡಪ್ಪ ಅಲ್ಲಿಂದ ಕದಲಲೇ ಇಲ್ಲ. “ಹಾಗಾದರೆ ಇದೂ ನಮ್ಮ ಕಸುಬಿನದೇ ಅನ್ನು” ಎಂದರು.

1958ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಹಾರಿಸಿದ ಇಬ್ಬರ ‘ಪುಷ್ಪಕ್’ ವಿಮಾನಕ್ಕೂ ಬಟ್ಟೆಯದೇ ಹೊದಿಕೆ. ಇಂಥ ಪುಟ್ಟ ವಿಮಾನಗಳನ್ನು ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್ ಊರಿನಲ್ಲಿ 1977ರಿಂದ ದೊಡ್ಡ ಹಾಲುಗಳೊಳಗೆ ನಿಲ್ಲಿಸಿ ತೋರಿಸುತ್ತ ಬಂದಿದ್ದಾರೆ. ಒಳಾಂಗಣವಾದ್ದರಿಂದ ಮಳೆಯ ಭಯವಿಲ್ಲ, ಇಂಜಿನ್ನಿನ ಗದ್ದಲವಿಲ್ಲ. ಹತ್ತಿರ ನಿಂತು ಪ್ರಶ್ನೆ ಕೇಳಬಹುದು.

ನಮ್ಮ ಊರಿಗೂ ಈ ಪದ್ಧತಿ ಅಪರಿಚಿತವಲ್ಲ. ಸೂಲೂರಿನ ಬಳಿಯ ಕಲಂಗಲಿನಲ್ಲಿ ಹುಟ್ಟಿದ ಜಿ. ಡಿ. ನಾಯ್ಡು (1893–1974) ಅವರ ಯಂತ್ರಗಳ ಪ್ರದರ್ಶನ ಅವಿನಾಶಿ ರಸ್ತೆಯಲ್ಲಿದೆ. ಕೊಡಿಸಿಯಾ ಸಭಾಂಗಣದಲ್ಲಿ ಪಂಪು, ಟ್ರ್ಯಾಕ್ಟರುಗಳನ್ನು ನೋಡಲು ತಿರುಪ್ಪೂರಿನಿಂದಲೂ ಜನ ಬರುತ್ತಾರೆ. ಅವುಗಳ ನಡುವೆ ಒಂದು ಪುಟ್ಟ ವಿಮಾನ ನಿಂತರೆ ಎಷ್ಟು ಚೆನ್ನ!

ಆದರೆ ಬಣ್ಣದ ಚಿತ್ರ ಹಂಚಿ ಕಳಿಸಿದರೆ ಸಾಲದು. 10ನೇ ತರಗತಿ ಪಾಸಾಗಿ 16 ವರ್ಷ ತುಂಬಿದವರು ವಿದ್ಯಾರ್ಥಿ ಪೈಲಟ್ ಲೈಸೆನ್ಸು ಪಡೆಯಬಹುದು. 17 ತುಂಬಿ, ಕನಿಷ್ಠ 40 ಗಂಟೆ ಹಾರಾಟ ಮುಗಿಸಿ, ಪರೀಕ್ಷೆಯಲ್ಲೂ ವೈದ್ಯಕೀಯ ತಪಾಸಣೆಯಲ್ಲೂ ತೇರ್ಗಡೆಯಾದರೆ ಖಾಸಗಿ ಪೈಲಟ್ ಲೈಸೆನ್ಸು. ಅದರಿಂದ ಸಂಬಳ ಸಿಗುವುದಿಲ್ಲ; ಉದ್ಯೋಗಕ್ಕೆ ಬೇರೆ ಲೈಸೆನ್ಸು, 200 ಗಂಟೆ ಹಾರಾಟ ಬೇಕು. ಹೆತ್ತವರಿಗೆ ಇದನ್ನು ಮೊದಲೇ ಹೇಳಬೇಕು, ಖರ್ಚನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು ಎಂಬುದು ನಮ್ಮ ಅಭಿಪ್ರಾಯ.

ತಂಗಿಗೆ ಈಗ 14. ಅಂಥ ಪ್ರದರ್ಶನ ಬಂದರೆ ಕೇಳಬೇಕೆಂದು ನೋಟುಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದಿಟ್ಟಿದ್ದಾಳೆ. ಮೊದಲನೆಯದು ದೊಡ್ಡಪ್ಪ ಹೇಳಿ ಬರೆಸಿದ್ದು: ಗಂಟೆಗೆ ಎಷ್ಟು ರೂಪಾಯಿ?