ಅಂಜನೇರಿಯಲ್ಲಿ ಸೋರಿದ ಗಾಳಿ

ಪುಣೆಯಿಂದ ತ್ರ್ಯಂಬಕೇಶ್ವರಕ್ಕೆ ಹೊರಟ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಈ ಹಳೇ ಗಾಡ್ಯಾಗ ಹೋಗೂದೇನು?"

ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ತ್ರ್ಯಂಬಕದಲ್ಲಿ ಶ್ರಾದ್ಧ ಮಾಡಿಸಬೇಕೆಂಬುದು ಅಪ್ಪನ ಆಸೆ. ಮನೆಯಲ್ಲಿ ಹೆಂಡತಿಯ ಹೊಸ ಆಟೋಮ್ಯಾಟಿಕ್ ಕಾರಿತ್ತು. ಆದರೂ ನಾನು ಹಟ ಹಿಡಿದು ನನ್ನ ಆಕ್ಟೇವಿಯಾ ಆರ್‌ಎಸ್ ತೆಗೆದೆ.

ಈ ಕಾರಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2004ರಲ್ಲಿ ಇದು ಭಾರತಕ್ಕೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದ ಶೇಂದ್ರಾ ಕಾರ್ಖಾನೆಯಲ್ಲಿ ಜೋಡಿಸಿದ ಗಾಡಿ. 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, 150 ಅಶ್ವಶಕ್ತಿ. ಒಂದೊಂದು ಸಿಲಿಂಡರಿಗೆ ಐದೈದು ವಾಲ್ವ್: ಮೂರು ಗಾಳಿ ಒಳಗೆ ಬಿಡಲು, ಎರಡು ಹೊಗೆ ಹೊರಗೆ ಹಾಕಲು. ಹೊರಗೆ ಹೋಗುವ ಹೊಗೆಯೇ ಪುಟ್ಟ ಚಕ್ರವೊಂದನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಿಸುತ್ತದೆ, ಆ ಚಕ್ರ ಇನ್ನಷ್ಟು ಗಾಳಿಯನ್ನು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ವ್ಯರ್ಥವಾಗಿ ಹೋಗುವುದನ್ನೇ ಹಿಡಿದು ದುಡಿಸಿಕೊಳ್ಳುವ ಈ ಜಾಣತನಕ್ಕೆ ನಾನು ಮರುಳಾದೆ. ಕೆಲಸ ಸಿಕ್ಕಿ ಎಷ್ಟೋ ವರ್ಷಗಳ ಮೇಲೆ ಸೆಕೆಂಡ್ ಹ್ಯಾಂಡ್ ಕೊಂಡೆ.

ಅಪ್ಪನಿಗೆ ಈ ಮರುಳು ಅರ್ಥವಾಗಬೇಕಿತ್ತು. ಹುಬ್ಬಳ್ಳಿಯಲ್ಲಿ ಅವರದು ಡೀಸೆಲ್ ಪಂಪ್ ರಿಪೇರಿ ಅಂಗಡಿ. ಲಾರಿ, ಟ್ರ್ಯಾಕ್ಟರುಗಳ ಪಂಪು ಬಿಚ್ಚಿ, ತೊಳೆದು, ಬೆಂಚಿನ ಮೇಲೆ ಏರಿಸಿ, ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲ್ ಅನ್ನು ಗಾಜಿನ ನಳಿಗೆಗಳಲ್ಲಿ ಹಿಡಿದು ಸಮ ಮಾಡುವುದು ಅವರ ಕೆಲಸ. ಪಂಪಿನೊಳಗಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲ ದಪ್ಪದಲ್ಲಿ ಸಣ್ಣದೊಂದು ಪಾಲು. ಅದಕ್ಕೇ ಅಂಗಡಿಯಲ್ಲಿ ಧೂಳಿಗೆ ಪ್ರವೇಶವಿರಲಿಲ್ಲ, ಚಪ್ಪಲಿ ಹಾಕಿದ ನನಗೂ ಇರಲಿಲ್ಲ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಮೈಕೋ ನಮ್ಮ ಮನೆಯಲ್ಲಿ ಕುಲದೇವರ ಹೆಸರಿನಷ್ಟೇ ಸಲೀಸಾಗಿ ಓಡಾಡುತ್ತಿತ್ತು. ಅದರ ನಾಸಿಕದ ಕಾರ್ಖಾನೆಯ ನಾಝಲ್ ಪೊಟ್ಟಣಗಳನ್ನು ಅಪ್ಪ ಪೂಜೆ ಸಾಮಾನಿನಂತೆ ಬಿಚ್ಚುತ್ತಿದ್ದರು.

ಆಮೇಲೆ ಕಾಮನ್ ರೈಲ್ ಬಂತು. ಹಳೇ ನಾಝಲ್ ತೆರೆಯಲು 200 ಬಾರ್ ಆಸುಪಾಸಿನ ಒತ್ತಡ ಸಾಕಿತ್ತು, ಹೊಸದರಲ್ಲಿ 1,600, 2,000 ಬಾರ್. ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ ಎಂದು ನಿರ್ಧರಿಸುವುದು ಕಂಪ್ಯೂಟರ್. ಹೊಗೆ ಕಡಿಮೆಯಾಯಿತು, ಸದ್ದು ಕಡಿಮೆಯಾಯಿತು, ಅಪ್ಪನ ಅಂಗಡಿಗೆ ಬರುವ ಗಿರಾಕಿಯೂ ಕಡಿಮೆಯಾದ. ಹೊಸ ಯಂತ್ರಕ್ಕೆ ಹಾಕುವಷ್ಟು ದುಡ್ಡು ಅವರಲ್ಲಿರಲಿಲ್ಲ. ಒಂದು ದಿನ ಫೋನಿನಲ್ಲಿ ನಾನು, "ಈಗ ಎಲ್ಲಾ ಸಾಫ್ಟ್‌ವೇರ್ ಅಪ್ಪಾ, ಇನ್ನು ಸಾಕು ಬಿಡ್ರಿ, ನಾ ರೊಕ್ಕ ಕಳಸ್ತೀನಿ" ಎಂದೆ. ಅವರು "ಹೂಂ" ಎಂದರು. ಮುಂದಿನ ತಿಂಗಳು ಬೆಂಚು ಗುಜರಿಗೆ ಹೋಯಿತು. ಒಳ್ಳೆಯ ಮಗನ ಮಾತನಾಡಿದೆ ಎಂದುಕೊಂಡು ಬಹಳ ದಿನ ಸುಖವಾಗಿದ್ದೆ.

ನಾರಾಯಣಗಾಂವ್, ಸಂಗಮನೇರ್, ಸಿನ್ನರ್ ದಾಟಿ ನಾಸಿಕ ಸೇರುವವರೆಗೆ ಕಾರು ಚೆನ್ನಾಗಿಯೇ ಓಡಿತು. ತ್ರ್ಯಂಬಕ ರಸ್ತೆಯಲ್ಲಿ ಸಾತ್ಪುರ ಬಂದಾಗ ಅಪ್ಪ ಕಿಟಕಿ ಇಳಿಸಿ, ನಾಝಲ್ ಕಾರ್ಖಾನೆ ಇರುವುದು ಇಲ್ಲೇ ಅಲ್ಲವೇ ಎಂದು ಕೇಳಿದರು. ಹೌದೆಂದೆ. ಕಣ್ಮರೆಯಾಗುವವರೆಗೂ ಹಿಂದಿರುಗಿ ನೋಡಿದರು.

ಅಂಜನೇರಿ ಬೆಟ್ಟದ ಹತ್ತಿರ ಇಂಜಿನ್ ಮುಗ್ಗರಿಸತೊಡಗಿತು. ನಿಂತರೆ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಇದು ಹನುಮಂತ ಹುಟ್ಟಿದ ಜಾಗ ಎಂದು ಇಲ್ಲಿಯವರ ನಂಬಿಕೆ. ಹಂಪಿ ಬಳಿಯ ಅಂಜನಾದ್ರಿಯನ್ನು ಬಿಟ್ಟುಕೊಡದ ಕನ್ನಡಿಗನಿಗೆ ವಾಯುಪುತ್ರ ಬುದ್ಧಿ ಕಲಿಸುತ್ತಿದ್ದಾನೆ ಎಂದು ತಮಾಷೆ ಮಾಡಿದೆ. ಅಪ್ಪ ನಗಲಿಲ್ಲ. ನಾನು ಸ್ಕ್ಯಾನರ್ ತೆಗೆದು ಡ್ಯಾಶ್‌ಬೋರ್ಡಿನ ಕೆಳಗೆ ಚುಚ್ಚಿದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂದು ಅದು ಹೇಳಿತು. ಯಾಕೆ ಎಂದು ಹೇಳಲಿಲ್ಲ. ನಾನು ಫೋನಿನಲ್ಲಿ ಕಾರಣಗಳ ಪಟ್ಟಿ ಹುಡುಕುತ್ತ ನಿಂತೆ: ಸೆನ್ಸರ್, ಪಂಪ್, ಇಂಜೆಕ್ಟರ್...

"ಬಾನೆಟ್ ತೆಗಿ," ಎಂದರು ಅಪ್ಪ.

ವರ್ಷಗಟ್ಟಲೆ ಬೆಂಚಿನ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿದೆ. ಅದಕ್ಕೇ ಇಂಜಿನ್ನಿನ ಸದ್ದು ಕೇಳುವ ಗೋಜಿಗೆ ಹೋಗಲಿಲ್ಲ. ಬಿಸಿ ತಾಗದ ಕಡೆಯಲ್ಲೆಲ್ಲ ಬೆರಳಾಡಿಸುತ್ತ ರಬ್ಬರ್ ಕೊಳವೆಗಳ ಗುಂಟ ಹೋದರು. ಹಿಂಭಾಗದ ಒಂದು ಸಣ್ಣ ವ್ಯಾಕ್ಯೂಮ್ ಪೈಪಿನ ತುದಿಯಲ್ಲಿ ಬೆರಳು ನಿಂತಿತು. ಒತ್ತಿ ಹಿಡಿದರು. ಮುಳ್ಳು ನಿಂತಿತು, ಇಂಜಿನ್ ಸಮಾಧಾನವಾಯಿತು. ಬಿಟ್ಟರು, ಮತ್ತೆ ಕುಣಿಯಿತು.

"ಸೀಳೈತಿ. ಲೆಕ್ಕಕ್ಕಿಲ್ಲದ ಗಾಳಿ ಒಳಗ ಹೊಂಟೈತಿ. ಪಾಪ, ನಿನ್ನ ಕಂಪ್ಯೂಟರಿಗೆ ಹೆಂಗ ಗೊತ್ತಾಗಬೇಕು?"

ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಒಳನುಗ್ಗುವ ಗಾಳಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಪುಸ್ತಕದಲ್ಲಿ ಓದಿದ್ದೆ. ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ, ಉಳಿದ ಪೈಪನ್ನು ಎಳೆದು ಸಿಕ್ಕಿಸಿದರು. ಐದು ನಿಮಿಷದ ಕೆಲಸ. ಕೈಯನ್ನು ನನ್ನ ಕರವಸ್ತ್ರಕ್ಕೆ ಒರೆಸಿಕೊಂಡರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ.

ಅಲ್ಲೇ, ರಸ್ತೆ ಬದಿಯಲ್ಲಿ, ಆ ಹಳೇ ಫೋನಿನ ಮಾತು ನೆನಪಾಯಿತು. ನಾನು ಅವರಿಗೆ ವಿಶ್ರಾಂತಿ ಕೊಡಿಸಿದ್ದೆ ಎಂದುಕೊಂಡಿದ್ದೆ. ಕಿತ್ತುಕೊಂಡದ್ದು ಏನೆಂದು ಕೇಳಿರಲಿಲ್ಲ. ಕಾಲ ಬದಲಾದದ್ದು ನನ್ನ ತಪ್ಪಲ್ಲ, ಅಂಗಡಿ ಹೇಗಿದ್ದರೂ ಮುಚ್ಚುತ್ತಿತ್ತು. ಆದರೆ "ಸಾಕು ಬಿಡ್ರಿ" ಎಂದದ್ದು ಕಾಲವಲ್ಲ, ನಾನು.

ಮರುದಿನ ಕುಶಾವರ್ತದಲ್ಲಿ ಮಿಂದು ಶ್ರಾದ್ಧ ಮುಗಿಸಿದೆವು. ಪುರೋಹಿತರು ಅಮ್ಮನ ಹೆಸರು ಕೇಳಿದಾಗ ಅಪ್ಪನ ದನಿ ಒಂದು ಸಲ ತಡವರಿಸಿತು, ಆಮೇಲೆ ಸರಿಯಾಯಿತು. ಸಂಜೆ ಹಿಂದಿರುಗುವಾಗ ನಾನೇ ಕೇಳಿದೆ: "ಅಪ್ಪಾ, ಉಳಿದ ಪೈಪುಗಳೂ ಹಳೇವೇ. ಎಲ್ಲಾ ಬದಲಿ ಮಾಡಬೇಕು. ಕಲಿಸ್ತೀರೇನು?"

ಉತ್ತರ ಬರಲಿಲ್ಲ. ಸಿನ್ನರ್ ದಾಟಿದ ಮೇಲೆ ತಾವಾಗಿಯೇ ಶುರುಮಾಡಿದರು: "ಮೊದಲ ಎಲ್ಲಾದರದೂ ಫೋಟೋ ತೆಗದಿಟಗೋ. ಬಿಚ್ಚೂದು ಸುಲಭ, ಹಾಕೂ ಮುಂದ ನೆನಪಿರೂದಿಲ್ಲ."

ಮುಂದಿನ ಎರಡು ಭಾನುವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಾವಿಬ್ಬರೂ ಕೂತಿದ್ದೆವು. ಅವರು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಮಸಿ ಕೈಯಲ್ಲೇ ಚಹಾ ಹಿಡಿದು ಅಪ್ಪ ಕೇಳಿದರು:

"ನೀ ಬರಿಯೂ ಸಾಫ್ಟ್‌ವೇರಿನ್ಯಾಗೂ ಹಿಂಗ ಎಲ್ಲೆರ ಸೋರತೈತೇನು?"

"ದಿನಾ ಸೋರತೈತ್ರಿ," ಎಂದೆ.

"ಹಂಗಿದ್ರ ನಿನ್ನ ಕೆಲಸಕ್ಕ ಚಿಂತಿಲ್ಲ ಬಿಡು," ಎಂದು ಅಪ್ಪ ಮತ್ತೆ ಬಾನೆಟ್ಟಿನೊಳಗೆ ಬಗ್ಗಿದರು.