ಕ್ಯಾಮ್ ದಂಡೆಯ ಪರೀಕ್ಷೆಯ ಊರು

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಕೇಂಬ್ರಿಜ್. ಕಾಲೇಜುಗಳ ಬೆನ್ನಿಗೇ ಕ್ಯಾಮ್ ನದಿ. ನದಿ ಎನ್ನುತ್ತಾರೆಯೇ ಹೊರತು ನಮ್ಮವರ ಕಣ್ಣಿಗೆ ಅದೊಂದು ಅಗಲವಾದ ಕಾಲುವೆ. ಚಪ್ಪಟೆ ತಳದ ದೋಣಿಗಳನ್ನು ಉದ್ದನೆಯ ಗಳುವಿನಿಂದ ಒತ್ತುತ್ತ ಹುಡುಗರು ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. ಬೀದಿಗಳಲ್ಲಿ ಸೈಕಲ್ಲುಗಳದೇ ದರ್ಬಾರು.

ಬಂದವರೆಲ್ಲ ಕಿಂಗ್ಸ್ ಕಾಲೇಜಿನ ಚರ್ಚು ನೋಡಿ ಬೆರಗಾಗುತ್ತಾರೆ. ಆದರೆ ನಮ್ಮ ಮಕ್ಕಳ ಹಣೆಬರಹಕ್ಕೂ ಈ ಊರಿಗೂ ನಂಟು ಬೆಳೆದಿರುವುದು ಬೇರೆ ಕಡೆ. ಸಸ್ಯೋದ್ಯಾನದಾಚೆ, ಶಾಫ್ಟ್ಸ್‌ಬರಿ ರಸ್ತೆಯಲ್ಲಿ 'ಟ್ರಯಾಂಗಲ್' ಎಂಬ ದೊಡ್ಡ ಕಟ್ಟಡವಿದೆ. 2018ರಲ್ಲಿ ತೆರೆದ ಇದು ವಿಶ್ವವಿದ್ಯಾಲಯದ ಪರೀಕ್ಷಾ ಸಂಸ್ಥೆಯ ಮನೆ. ಪ್ರವಾಸಿಗರು ಅತ್ತ ಸುಳಿಯುವುದು ಕಡಿಮೆ.

ಈ ಸಂಸ್ಥೆ ಹುಟ್ಟಿದ್ದು 1858ರಲ್ಲಿ. ಆಗ ಪರೀಕ್ಷಕರು ಬೀಗ ಹಾಕಿದ ಪೆಟ್ಟಿಗೆಗಳಲ್ಲಿ ಪ್ರಶ್ನೆಪತ್ರಿಕೆ ತುಂಬಿಕೊಂಡು ರೈಲಿನಲ್ಲಿ ಊರೂರಿಗೆ ಹೋಗುತ್ತಿದ್ದರಂತೆ. 1913ರಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಮೊದಲ ಪರೀಕ್ಷೆ ನಡೆಯಿತು. ಅನುವಾದ, ಪ್ರಬಂಧ, ವ್ಯಾಕರಣ, ಧ್ವನಿಶಾಸ್ತ್ರ, ಉಕ್ತಲೇಖನ, ಸಂಭಾಷಣೆ ಎಲ್ಲ ಸೇರಿ ಹನ್ನೆರಡು ಗಂಟೆ! ಕುಳಿತವರು ಮೂವರು, ಮೂವರೂ ನಪಾಸು.

ಅದರ ಮರುವರ್ಷವೇ, 1914ರಲ್ಲಿ, ಶ್ರೀನಿವಾಸ ರಾಮಾನುಜನ್ ಇದೇ ಊರಿನ ಟ್ರಿನಿಟಿ ಕಾಲೇಜಿಗೆ ಬಂದರು. ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಅಲಕ್ಷಿಸಿ, ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡಿದ್ದವರು ಅವರು. ಇಲ್ಲಿ ಅವರನ್ನು ಬರಮಾಡಿಕೊಂಡಿದ್ದು ಅವರ ಗಣಿತ. ಈಗ ಎಂಥ ಜಾಣನೇ ಆಗಲಿ, ಭಾಷೆಯ ಬಾಗಿಲನ್ನು ದಾಟಿಯೇ ಒಳಗೆ ಬರಬೇಕು.

ಆ ಬಾಗಿಲಿನ ಹೆಸರು ಬಹುಮಟ್ಟಿಗೆ ಐಇಎಲ್‌ಟಿಎಸ್. ಕೇಂಬ್ರಿಜ್, ಬ್ರಿಟಿಷ್ ಕೌನ್ಸಿಲ್ ಮತ್ತು ಆಸ್ಟ್ರೇಲಿಯಾದ ಐಡಿಪಿ ಕೂಡಿ ನಡೆಸುವ ಈ ಪರೀಕ್ಷೆ 1989ರಲ್ಲಿ ಆರಂಭವಾಯಿತು. ಕೇಳುವುದಕ್ಕೆ ಅರ್ಧ ಗಂಟೆ, ಓದಲು ಒಂದು ಗಂಟೆ, ಬರೆಯಲು ಒಂದು ಗಂಟೆ, ಪರೀಕ್ಷಕರೊಡನೆ ಮಾತಿಗೆ ಹನ್ನೊಂದರಿಂದ ಹದಿನಾಲ್ಕು ನಿಮಿಷ. ಇಲ್ಲಿ ಪಾಸು–ನಪಾಸು ಇಲ್ಲ. ಒಂಬತ್ತರವರೆಗಿನ 'ಬ್ಯಾಂಡ್' ಉಂಟು. ಎಷ್ಟು ಸಾಕೆಂದು ಹೇಳುವುದು ಆಯಾ ವಿಶ್ವವಿದ್ಯಾಲಯ. ಕೇಂಬ್ರಿಜ್ ತನ್ನ ಪದವಿ ತರಗತಿಗಳಿಗೆ ಸಾಮಾನ್ಯವಾಗಿ ಒಟ್ಟು 7.5, ಪ್ರತಿ ವಿಭಾಗದಲ್ಲೂ 7 ಕೇಳುತ್ತದೆ.

ಎಡವುವುದು ಈ 'ಪ್ರತಿ ವಿಭಾಗ'ದಲ್ಲೇ. ಒಟ್ಟು ಬ್ಯಾಂಡ್ ಚೆನ್ನಾಗಿದ್ದೂ ಬರವಣಿಗೆಯಲ್ಲಿ ಅರ್ಧ ಕಡಿಮೆಯಾದರೆ ಸೀಟು ಕೈತಪ್ಪಬಹುದು. ಅಂಥವರಿಗಾಗಿ ಒಂದೇ ವಿಭಾಗವನ್ನು ಮತ್ತೆ ಬರೆಯುವ ಅವಕಾಶ ಬಂದಿದೆಯಾದರೂ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ. ಫಲಿತಾಂಶಕ್ಕೆ ಬೆಲೆಯಿರುವುದು ಸಾಮಾನ್ಯವಾಗಿ ಎರಡು ವರ್ಷ. ಅವಸರದಲ್ಲಿ ಮೊದಲೇ ಬರೆದಿಟ್ಟರೆ ಅರ್ಜಿಯ ಹೊತ್ತಿಗೆ ಅದು ಹಳಸಿರುತ್ತದೆ. ಕಾಲೇಜು ಪ್ರವೇಶಕ್ಕೆ ಬೇಕಾದದ್ದು 'ಅಕಾಡೆಮಿಕ್' ಪತ್ರಿಕೆ ಎಂಬುದನ್ನೂ ಮರೆಯಬಾರದು.

ಪೋಷಕರಿಗೆ ಒಂದು ಮಾತು. ಹಣ ಕಟ್ಟುವ ಮೊದಲು ಆಯಾ ಕೋರ್ಸಿನ ನಿಯಮ ಓದಿ. ಕೆಲವು ಬ್ರಿಟಿಷ್ ವಿಶ್ವವಿದ್ಯಾಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಒಪ್ಪುವುದುಂಟು; ಯಾವ ಬೋರ್ಡು, ಎಷ್ಟು ಅಂಕ ಎಂಬುದು ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ವಿದ್ಯಾರ್ಥಿಗಳಿಗೂ ಒಂದು ಮಾತು: ಉರು ಹೊಡೆದ ಉತ್ತರಗಳನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ. ಇಂಗ್ಲೆಂಡಿನವರಂತೆ ಉಲಿಯಬೇಕಿಲ್ಲ, ನಮ್ಮ ಉಚ್ಚಾರಣೆಯೇ ಇರಲಿ. ಮಾತು ಸ್ಪಷ್ಟವಾಗಿದ್ದರೆ ಸಾಕು.

ಕೇಂಬ್ರಿಜ್‌ನ ತರಗತಿಗಳಲ್ಲಿ ಇಂದು ಹತ್ತಾರು ದೇಶಗಳ ಇಂಗ್ಲಿಷ್ ಕೇಳಿಬರುತ್ತದೆ. ಅವುಗಳ ನಡುವೆ ಹಾಸನದ್ದೋ ಹಾವೇರಿಯದ್ದೋ ಒಂದು ಸೇರಿದರೆ ಯಾರಿಗೂ ಅದು ಅಪರೂಪವೆನಿಸದು.